ಇಬ್ಬರೂ ದುಡಿಯುವ ಮನೆಯವರೇ, ಡಬ್ಲ್ಯೂ-4 ಖಾಲಿ ಬಿಡಬೇಡಿ

ಅಮೆರಿಕದಲ್ಲಿ ಗಂಡ ಹೆಂಡತಿ ಇಬ್ಬರೂ ಸಂಬಳಕ್ಕೆ ದುಡಿಯುತ್ತಿದ್ದರೆ, ಕಚೇರಿಯ ಎಚ್‌ಆರ್ ಹೇಳಿದಂತೆ ಡಬ್ಲ್ಯೂ-4 (ಸಂಬಳದಿಂದ ಎಷ್ಟು ತೆರಿಗೆ ಹಿಡಿಯಬೇಕೆಂದು ಕಂಪನಿಗೆ ತಿಳಿಸುವ ಫಾರಂ) ತುಂಬಿ ನಿಶ್ಚಿಂತರಾಗಬೇಡಿ. 2024ರ ಜನವರಿಯಲ್ಲಿ ನನ್ನ ಹೆಂಡತಿ ಕೆಲಸಕ್ಕೆ ಸೇರಿದಾಗ ಅಲ್ಲಿನವರು ಹೇಳಿದ್ದು ಇಷ್ಟೇ: "ಮದುವೆಯಾಗಿದೆ ಎಂಬಲ್ಲಿ ಗುರುತು ಹಾಕಿ, ಸಹಿ ಮಾಡಿ, ಉಳಿದದ್ದು ಬೇಡ." ಫಾರಂನ ಎರಡನೆಯ ಹಂತ ಯಾರಿಗೆ ಎಂದು ಅವಳು ಕೇಳಿದ್ದಕ್ಕೆ, "ಎರಡು ಕಡೆ ಕೆಲಸ ಮಾಡುವವರಿಗೆ" ಎಂಬ ಉತ್ತರ. ಸಂಗಾತಿ ದುಡಿಯುತ್ತಿದ್ದರೂ ಅನ್ವಯಿಸುತ್ತದೆ ಎಂದು ಆ ಹಂತದ ತಲೆಬರಹದಲ್ಲೇ ಅಚ್ಚಾಗಿದೆ!

ಮರುವರ್ಷ ಏಪ್ರಿಲ್‌ನಲ್ಲಿ ನಾವು ಕಟ್ಟಬೇಕಾಗಿ ಬಂದ ಫೆಡರಲ್ ಬಾಕಿ 13,000 ಡಾಲರ್ ದಾಟಿತು.

ಇಬ್ಬರ ಸಂಬಳವೂ ತಲಾ 90,000. ನನ್ನ ಕಂಪನಿಯ ಲೆಕ್ಕದಲ್ಲಿ ಮನೆಗೆ ನಾನೊಬ್ಬನೇ ದುಡಿಯುವವನು, ಅವಳ ಕಂಪನಿಯ ಲೆಕ್ಕದಲ್ಲಿ ಅವಳೊಬ್ಬಳೇ. ಹೀಗಾಗಿ ದಂಪತಿಗೆ ಒಮ್ಮೆ ಮಾತ್ರ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಬೀಳದ ಆದಾಯದ ಭಾಗ, 2024ರಲ್ಲಿ 29,200 ಡಾಲರ್) ಎರಡೂ ಕಡೆ ಲೆಕ್ಕಕ್ಕೆ ಬಂತು. ಶೇ 10 ಮತ್ತು ಶೇ 12ರ ಕೆಳಹಂತದ ದರಗಳೂ ಎರಡೆರಡು ಬಾರಿ ಸಿಕ್ಕವು. ಒಬ್ಬೊಬ್ಬರಿಂದ ಸುಮಾರು 6,800ರಂತೆ ಕಡಿತವಾದದ್ದು 13,600, ಆದರೆ ಆ ವರ್ಷ 1.8 ಲಕ್ಷಕ್ಕೆ ನಿಜವಾಗಿ ಬರಬೇಕಿದ್ದ ತೆರಿಗೆ 23,200ಕ್ಕೂ ಹೆಚ್ಚು.

ಇದರ ಮೇಲೆ ಅವಳು ಸಂಗೀತ ಪಾಠ ಹೇಳಿ ಗಳಿಸಿದ 12,000. ಅದರಿಂದ ಯಾರೂ ತೆರಿಗೆ ಹಿಡಿಯುವುದಿಲ್ಲ. ಆದಾಯ ತೆರಿಗೆಯ ಜೊತೆಗೆ ಶೇ 15.3ರ ಸ್ವಯಂ ಉದ್ಯೋಗ ತೆರಿಗೆಯೂ ಸೇರಿ ಇನ್ನೊಂದು 3,600 ಬಂತು.

ವರ್ಷದೊಳಗೆ ಕಡಿಮೆ ಕಟ್ಟಿದ್ದಕ್ಕೆ ಬೀಳುವ ದಂಡವೇನೋ ತಪ್ಪಿತು. ಹಿಂದಿನ ವರ್ಷದ ಒಟ್ಟು ತೆರಿಗೆಯಷ್ಟು ಈ ವರ್ಷ ಕಡಿತವಾಗಿದ್ದರೆ ದಂಡವಿಲ್ಲ. ಹಿಂದಿನ ವರ್ಷ ನನ್ನದೊಂದೇ ಸಂಬಳವಿತ್ತು, ತೆರಿಗೆಯೂ ಕಡಿಮೆಯಿತ್ತು. ಆದರೆ ಆ ರಿಯಾಯಿತಿ ಮುಂದೆ ಅಷ್ಟು ಸುಲಭವಲ್ಲ. ಹಿಂದಿನ ವರ್ಷದ ಆದಾಯ 1.5 ಲಕ್ಷ ಮೀರಿದ್ದರೆ ಆ ವರ್ಷದ ತೆರಿಗೆಯ ಶೇ 110ರಷ್ಟು ಕಟ್ಟಿರಬೇಕು.

ಮನೆಯಲ್ಲಿ ಎರಡೇ ಕೆಲಸ, ಸಂಬಳ ಹೆಚ್ಚುಕಡಿಮೆ ಸಮ ಎಂದಾದರೆ ಎರಡನೆಯ ಹಂತದ 2(ಸಿ) ಚೌಕದಲ್ಲಿ ಇಬ್ಬರೂ ಗುರುತು ಹಾಕಬೇಕು. ನಮ್ಮಂಥವರಲ್ಲಿ ಒಬ್ಬರೇ ಹಾಕಿದರೆ ಅರ್ಧ ಕೊರತೆ ಹಾಗೇ ಉಳಿಯುತ್ತದೆ. ಸಂಬಳಗಳ ನಡುವೆ ಅಜಗಜಾಂತರವಿದ್ದರೆ ಆ ಚೌಕ ಅಗತ್ಯಕ್ಕಿಂತ ಹೆಚ್ಚು ಹಿಡಿಯುತ್ತದೆ. ಆಗ ಐಆರ್‌ಎಸ್ (ಫೆಡರಲ್ ತೆರಿಗೆ ಇಲಾಖೆ) ಜಾಲತಾಣದಲ್ಲಿ ಕಡಿತ ಎಷ್ಟಿರಬೇಕೆಂದು ಲೆಕ್ಕ ಹಾಕಿಕೊಡುವ ಎಸ್ಟಿಮೇಟರ್ ನೋಡಿಕೊಳ್ಳಿ. ಮಕ್ಕಳಿಗಾಗಿ ಸಿಗುವ ತೆರಿಗೆ ರಿಯಾಯಿತಿ (ಕ್ರೆಡಿಟ್) ಒಬ್ಬರ ಫಾರಂನಲ್ಲಷ್ಟೇ ಇರಲಿ.

ಪಾಠದ ದುಡ್ಡಿಗೆ ನನ್ನ ಫಾರಂನ 4(ಸಿ)ಯಲ್ಲಿ, ಅಂದರೆ ಪ್ರತಿ ಸಂಬಳದಿಂದ ಹೆಚ್ಚುವರಿ ಹಿಡಿಯಲು ಹೇಳುವ ಜಾಗದಲ್ಲಿ, 150 ಬರೆದೆವು. ತಿಂಗಳಿಗೆ ಎರಡು ಸಂಬಳ, ವರ್ಷಕ್ಕೆ 3,600. ನಾವೇ ತೆರಿಗೆ ಕಟ್ಟುವ ತ್ರೈಮಾಸಿಕ ಕಂತುಗಳ ರಗಳೆ ಇಲ್ಲ. ಈ ಆದಾಯವನ್ನು ಇತರ ಆದಾಯಕ್ಕಿರುವ 4(ಎ)ಯಲ್ಲಿ ತೋರಿಸಿ ಸುಮ್ಮನಾದರೆ ಸ್ವಯಂ ಉದ್ಯೋಗ ತೆರಿಗೆ ಬಿಟ್ಟುಹೋಗುತ್ತದೆ. ಅಕ್ಟೋಬರ್‌ನಲ್ಲಿ ಎಚ್ಚರವಾದರೂ ಸಂಬಳದಿಂದಲೇ ಹೆಚ್ಚು ಹಿಡಿಸಿ, ಏಕೆಂದರೆ ಸಂಬಳದ ಕಡಿತವನ್ನು ವರ್ಷವಿಡೀ ಸಮನಾಗಿ ಕಟ್ಟಿದಂತೆ ಪರಿಗಣಿಸುತ್ತಾರೆ. ತಡವಾಗಿ ಕಟ್ಟಿದ ಕಂತಿಗೆ ಆ ಸೌಲಭ್ಯವಿಲ್ಲ.

ಕ್ಯಾಲಿಫೋರ್ನಿಯಾದವರು ಇಲ್ಲಿಗೇ ನಿಲ್ಲಿಸಬೇಡಿ. ರಾಜ್ಯದ ಕಡಿತಕ್ಕೆ ಡಿಇ-4 ಎಂಬ ಬೇರೆ ಫಾರಂ ಇದೆ; ಅದನ್ನೂ ತಿದ್ದಿಕೊಡಬೇಕು. ಟೆಕ್ಸಾಸ್‌ನವರಿಗೆ ಈ ತಾಪತ್ರಯವಿಲ್ಲ.