ರಾತ್ರಿಯಿಡೀ ಉರಿಯುವ ಸೈಕಲ್ ಲೈಟ್ ಯಾವುದು?

ಪುಣೆಯಲ್ಲಿ ರಾತ್ರಿ ಸೈಕಲ್ ಹೊಡೆಯುವ ಕನ್ನಡದವರು ನಾವು ಒಂದಿಷ್ಟು ಜನ ಇದ್ದೇವೆ. ನಮ್ಮ ದಾರಿ ಸಾಮಾನ್ಯವಾಗಿ ಕಾತ್ರಜ್ ದಾಟಿ, ಖಂಬಾಟ್ಕಿ ಘಾಟ್ ಹತ್ತಿ, ಸಾತಾರಾ ಕಡೆಗೆ. ಕೆಲವರು ಬ್ರೆವೆ ಸವಾರಿಗೂ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಹೆಸರು ಕೊಡುತ್ತಾರೆ. ಅಲ್ಲಿ 300 ಕಿ.ಮೀ.ಗೆ 20 ಗಂಟೆ, 400 ಕಿ.ಮೀ.ಗೆ 27 ಗಂಟೆ ಸಮಯ. ಕತ್ತಲಾದ ಮೇಲೆ ಹಿಂದೆ ಮುಂದೆ ಲೈಟ್ ಕಡ್ಡಾಯ. ಹೊಸಬರೆಲ್ಲ ಮೊದಲು ಕೇಳುವುದು "ಎಷ್ಟು ಲ್ಯೂಮೆನ್ ತಗೋಬೇಕು?" ಅಂತ, ಅಂದರೆ ಎಷ್ಟು ಬೆಳಕಿನದು ಅಂತ. ನನ್ನ ಪ್ರಶ್ನೆ ಬೇರೆ. ಆ ಲೈಟ್ ಆರುವಾಗ ಹೇಗೆ ಆರುತ್ತದೆ? ಆರಿದ ಮೇಲೆ ರಸ್ತೆ ಬದಿಯಲ್ಲಿ ನಿಂತು ಏನು ಮಾಡಬಹುದು?

ಮೊದಲನೆಯದು, ಬ್ಯಾಟರಿ ಒಳಗೇ ಸೀಲ್ ಆಗಿರುವ ಯುಎಸ್‌ಬಿ ಲೈಟ್. ಊರೊಳಗೆ ಇದರಷ್ಟು ಅನುಕೂಲ ಬೇರೊಂದಿಲ್ಲ. ಕೊತ್ರೂಡ್‌ನಿಂದ ಆಫೀಸಿಗೆ ಹೋಗಿ ಬರೋದಕ್ಕೆ ಧಾರಾಳ ಸಾಕು. ಆದರೆ ಡಬ್ಬಿ ಮೇಲಿನ ಗಂಟೆಗಳನ್ನು ಸ್ವಲ್ಪ ಅನುಮಾನದಿಂದ ಓದಬೇಕು. ಎಫ್‌ಎಲ್ 1 ಅನ್ನೋ ಟಾರ್ಚ್‌ಗಳ ಅಳತೆ ಪದ್ಧತಿಯಲ್ಲಿ, ಬೆಳಕು ಆರಂಭದ 10%ಕ್ಕೆ ಇಳಿಯುವವರೆಗಿನ ಸಮಯವನ್ನೂ "ಉರಿಯುವ ಸಮಯ" ಅಂತಲೇ ಲೆಕ್ಕ ಹಾಕುತ್ತಾರೆ. ಹತ್ತರಲ್ಲಿ ಒಂದು ಪಾಲು ಬೆಳಕಿನಲ್ಲಿ ಘಾಟ್ ಇಳಿದು ನೋಡಿ, ಗೊತ್ತಾಗುತ್ತದೆ. ಚಾರ್ಜ್ ಮುಗಿದರೆ ಪವರ್ ಬ್ಯಾಂಕ್ ಜೋಡಿಸಬೇಕು. ಕೆಲವು ಲೈಟ್‌ಗಳು ಚಾರ್ಜ್ ಆಗುವಾಗ ಪೂರ್ತಿ ಉರಿಯುವುದಿಲ್ಲ. ಮಳೆಯಲ್ಲಂತೂ ಯುಎಸ್‌ಬಿ ಬಾಯಿ ತೆರೆದಿಡಲು ಧೈರ್ಯ ಬೇಕು.

ಎರಡನೆಯದು 18650 ಸೆಲ್ (ಡಬಲ್ ಎ ಸೆಲ್‌ಗಿಂತ ಸ್ವಲ್ಪ ದೊಡ್ಡದಾದ, ಚಾರ್ಜ್ ಆಗುವ ಲಿಥಿಯಂ ಸೆಲ್) ಹಾಕುವ ಟಾರ್ಚ್, ಹ್ಯಾಂಡಲ್‌ಗೆ ಕ್ಲ್ಯಾಂಪ್ ಹಾಕಿ ಕೂರಿಸೋದು. ನಾನು ಜಾಸ್ತಿ ಬಳಸಿರುವುದು ಇದನ್ನೇ. ಒಳ್ಳೆ 18650 ಸೆಲ್ ಅಂದರೆ 3500 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ) ಆಸುಪಾಸು, ಸುಮಾರು 12 ವಾಟ್-ಗಂಟೆ ಶಕ್ತಿ. ಎಲ್‌ಇಡಿ ಒಂದು ವಾಟ್‌ಗೆ ನೂರರ ಹತ್ತಿರ ಲ್ಯೂಮೆನ್ ಕೊಡುತ್ತದೆ ಅಂತಿಟ್ಟುಕೊಂಡರೆ, 200 ಲ್ಯೂಮೆನ್‌ನಲ್ಲಿ ಹೆಚ್ಚುಕಮ್ಮಿ ಆರು ಗಂಟೆ. ಜೇಬಿನಲ್ಲಿ ಇನ್ನೊಂದು ಸೆಲ್ ಇದ್ದರೆ ಬೆಳಗಾಗುತ್ತದೆ. ಬದಲಾಯಿಸಲು ಅರ್ಧ ನಿಮಿಷ. ಅಂದ ಹಾಗೆ, 9900 ಎಂಎಎಚ್ ಅಂತ ಬರೆದ ಅಗ್ಗದ 18650 ಆನ್‌ಲೈನ್‌ನಲ್ಲಿ ಸಿಗುತ್ತದಲ್ವಾ, ಅದು ಶುದ್ಧ ಸುಳ್ಳು. ಆ ಗಾತ್ರದಲ್ಲಿ ಅಷ್ಟು ಹಿಡಿಸುವುದೇ ಇಲ್ಲ.

ಇದರಲ್ಲಿ ಎರಡು ತೊಂದರೆ. ಒಂದು, ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ ಖಾಲಿಯಾದಾಗ ಮೆಲ್ಲಗೆ ಮಂಕಾಗದೆ ಥಟ್ಟನೆ ಆರಿಬಿಡಬಹುದು. ಅದಕ್ಕೇ ನಾನು ಇಳಿಜಾರು ಶುರುವಾಗುವ ಮುಂಚೆಯೇ ಸೆಲ್ ಬದಲಾಯಿಸುತ್ತೇನೆ, ಅರ್ಧ ಉಳಿದಿದ್ದರೂ ಸರಿ. ಇನ್ನೊಂದು ತೊಂದರೆ ಕುಲುಕಾಟ. ಖೇಡ್ ಶಿವಾಪುರ ಟೋಲ್ ಹತ್ತಿರ ರಸ್ತೆಯ ಸಾಲು ಉಬ್ಬುಪಟ್ಟಿಗಳ ಮೇಲೆ ಹೋಗುವಾಗ ಸೆಲ್ ಒಂದು ಕ್ಷಣ ಹಿಂದೆ ಸರಿದು ಸಂಪರ್ಕ ತಪ್ಪುತ್ತದೆ. ಟಾರ್ಚ್ ಅದನ್ನು ಬಟನ್ ಒತ್ತಿದ ಹಾಗೆ ತಿಳಿದು ಮೋಡ್ ಬದಲಿಸುತ್ತದೆ. ಎದುರಿನ ಲಾರಿಯವನ ಕಣ್ಣಿಗೆ ಸ್ಟ್ರೋಬ್ (ಪಟಪಟ ಮಿನುಗುವ ಮೋಡ್) ಹೊಡೆದರೆ ಅವನು ಸುಮ್ನೆ ಬಿಡ್ತಾನಾ? ಬಂದೂಕಿಗೆ ಜೋಡಿಸುವ ಲೈಟ್‌ಗಳಿಗೂ ಇದೇ ಕಾಟ. ಪ್ರತಿ ಗುಂಡಿಗೂ ಹಿಮ್ಮುಖ ಏಟು ಬೀಳುತ್ತದಲ್ಲ. ಅದಕ್ಕೆ ಒಳ್ಳೆಯವುಗಳಲ್ಲಿ ಸೆಲ್‌ನ ಎರಡೂ ತುದಿಗೆ ಸ್ಪ್ರಿಂಗ್ ಇಟ್ಟಿರುತ್ತಾರೆ. ಮೋಡ್‌ಗಳೂ ಕಡಿಮೆ. ಸೈಕಲ್‌ಗೆ ಟಾರ್ಚ್ ಕೊಳ್ಳುವಾಗಲೂ ಎರಡೂ ಕಡೆ ಸ್ಪ್ರಿಂಗ್ ಇದೆಯಾ ಅಂತ ಮುಚ್ಚಳ ಬಿಚ್ಚಿ ನೋಡಿ.

ಅದೇ ಟಾರ್ಚ್‌ಗೆ 18650 ಬದಲು ಎರಡು ಸಿಆರ್‌123ಎ ಹಾಕಬಹುದಾದ ಮಾದರಿಗಳೂ ಇವೆ. ನನ್ನದು ಅಂಥದ್ದೇ. ಇವು 3 ವೋಲ್ಟ್‌ನ ಲಿಥಿಯಂ ಸೆಲ್. ಬಳಸದೆ ಇಟ್ಟರೂ ಹತ್ತು ವರ್ಷದ ತನಕ ಬಾಳುತ್ತವೆ. ಬ್ಯಾಗಿನ ಮೂಲೆಯಲ್ಲಿ ಮರೆತುಬಿಡಲು ಹೇಳಿ ಮಾಡಿಸಿದ ಹಾಗಿವೆ. ಆದರೆ ದುಬಾರಿ, ಮತ್ತೆ ಚಾರ್ಜ್ ಮಾಡುವಂತಿಲ್ಲ, ಹೆದ್ದಾರಿ ಅಂಗಡಿಗಳಲ್ಲಿ ಸಿಗುವುದೂ ಇಲ್ಲ. ಅದೇ ಅಳತೆಯ ಚಾರ್ಜ್ ಆಗುವ ಸೆಲ್ ಎರಡು ತುರುಕಬೇಡಿ. ಪೂರ್ತಿ ಚಾರ್ಜ್ ಆದ ಎರಡು ಸೇರಿದರೆ 8.4 ವೋಲ್ಟ್. ಅಷ್ಟು ವೋಲ್ಟ್ ತಡೆಯದ ಟಾರ್ಚ್ ಸುಟ್ಟೇ ಹೋಗುತ್ತದೆ.

ಡಬಲ್ ಎ ಸೆಲ್‌ನ ಲೈಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಕು ಕಡಿಮೆ, ಆದರೆ ಎಲ್ಲಿ ಬೇಕಾದರೂ ಸೆಲ್ ಸಿಗುತ್ತದೆ. ಆಲ್ಕಲೈನ್ ಸೆಲ್ ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತಿನ್ನುತ್ತದೆ. ಅಷ್ಟೇ.

ಕೊನೆಯದು ಡೈನಮೋ ಹಬ್. ಹುಬ್ಬಳ್ಳಿಯ ಗೆಳೆಯನ ಸೈಕಲ್‌ನಲ್ಲಿದೆ. ಕೆಲವು ಸಲ ಅವನದ್ದು ನಾನು, ನನ್ನದು ಅವನು ಓಡಿಸಿದ್ದೇವೆ. ಚಕ್ರ ತಿರುಗಿದಂತೆ ಮುಂದಿನ ಚಕ್ರದ ನಡುವೆಯೇ 6 ವೋಲ್ಟ್, 3 ವಾಟ್ ಕರೆಂಟ್ ಹುಟ್ಟುತ್ತದೆ. ಬ್ಯಾಟರಿ ಚಿಂತೆಯೇ ಇಲ್ಲ. ಬೆಳಕಿನ ಆಕಾರವೂ ಚೆಂದ, ಎದುರಿನವರ ಕಣ್ಣು ಕುಕ್ಕುವುದಿಲ್ಲ. ಆದರೆ ಖಂಬಾಟ್ಕಿ ಏರುವಾಗ ನನ್ನ ವೇಗಕ್ಕೆ ಅದು ಮಿಣಮಿಣ ಅನ್ನುತ್ತದೆ. ನಿಂತರೆ ಕೆಪಾಸಿಟರ್‌ನಲ್ಲಿ ಕೂಡಿಟ್ಟ ಕರೆಂಟ್‌ನಿಂದ ಕೆಲವು ನಿಮಿಷ ಸಣ್ಣಗೆ ಉರಿಯುತ್ತದೆ, ಆಮೇಲೆ ಕತ್ತಲು. ಪಂಕ್ಚರ್ ಹಾಕೋದಕ್ಕೆ ಬೇರೆ ಟಾರ್ಚ್ ಬೇಕೇ ಬೇಕು. ಚಕ್ರವನ್ನೇ ಹೊಸದಾಗಿ ಕಟ್ಟಿಸಬೇಕಾದ್ದರಿಂದ ಖರ್ಚೂ ಜೋರು.

"ಏ, ಒಮ್ಮೆ ರೊಕ್ಕ ಹಾಕಿದ್ರ ಮುಗೀತು, ನೀ ಬರೇ ಸೆಲ್ ಎಣಿಸ್ಕೋತ ಕೂಡ್ತಿ" ಅನ್ನುತ್ತಾನೆ ಅವನು. ತಿಂಗಳಿಗೆ ಎರಡು ಮೂರು ದೊಡ್ಡ ಸವಾರಿ ಮಾಡುವವನಿಗೆ ಅವನ ಮಾತು ಸರಿ. ವರ್ಷಕ್ಕೊಂದೆರಡು ಬ್ರೆವೆ ಮಾಡುವ ನನ್ನಂಥವನಿಗೆ 18650 ಟಾರ್ಚೇ ಸಾಕು. ಎರಡು ಹೆಚ್ಚುವರಿ ಸೆಲ್ ಪ್ಲಾಸ್ಟಿಕ್ ಡಬ್ಬಿಯಲ್ಲಿರಲಿ. ಕೀ, ಚಿಲ್ಲರೆ ಜೊತೆ ಜೇಬಿಗೆ ಹಾಕಿದರೆ ಶಾರ್ಟ್ ಆಗುತ್ತದೆ.

ಹಿಂದಿನ ಕೆಂಪು ಲೈಟ್ ಯಾವ ಬಗೆಯದಾದರೂ ನಡೆಯುತ್ತದೆ, ಆದರೆ ಎರಡು ಹಾಕಿ. ಅದು ಆರಿದ್ದು ನಿಮಗೆ ಕಾಣುವುದಿಲ್ಲ.