ಬೆನ್ನಿ ಕಾರ್ಟರ್ ಅವರ ‘ಫರ್ದರ್ ಡೆಫಿನಿಷನ್ಸ್’: ಒಂಬತ್ತು ವರ್ಷ ಕೇಳಿದ ಮೇಲೆ

ಈ ಸಿ.ಡಿ. ನನ್ನ ಮನೆಗೆ ಬಂದು ಒಂಬತ್ತು ವರ್ಷಗಳಾದವು. ಕದ್ರಿ ಗೋಪಾಲನಾಥರ ಕಛೇರಿಗಳಿಂದ ಆಲ್ಟೋ ಸ್ಯಾಕ್ಸೊಫೋನಿನ ನಾದಕ್ಕೆ ಮನಸೋತಿದ್ದ ನಾನು, ಅದೇ ವಾದ್ಯ ಅಮೆರಿಕದ ಜಾಝ್‌ನಲ್ಲಿ ಹೇಗೆ ನುಡಿಯುತ್ತದೆಂದು ತಿಳಿಯಬೇಕೆಂಬ ಆಸೆಯಿಂದ ಇದನ್ನು ಕೊಂಡಿದ್ದೆ. ಮೊದಲ ವರ್ಷವೆಲ್ಲ ನನ್ನ ಕಿವಿ ಕೋಲ್ಮನ್ ಹಾಕಿನ್ಸ್ ಅವರ, ಆಲ್ಟೋಗಿಂತ ತಗ್ಗಿನ ಸ್ಥಾಯಿಯ ಟೆನರ್ ಸ್ಯಾಕ್ಸೊಫೋನ್‌ನ ತುಂಬುದನಿಯ ಬೆನ್ನು ಹತ್ತಿತ್ತು. ತಂಡದ ನಾಯಕರಾದ ಕಾರ್ಟರ್ ಅವರ ಆಲ್ಟೋ ತೀರ ಸಲೀಸಾಗಿ ಕೇಳಿಸಿ, ಇದರಲ್ಲಿ ವಿಶೇಷವೇನಿದೆ ಎನ್ನಿಸುತ್ತಿತ್ತು. ಆ ಅಭಿಪ್ರಾಯ ಇಂದು ಪೂರ್ತಿ ಬದಲಾಗಿದೆ.

ಧ್ವನಿಮುದ್ರಣ ನಡೆದದ್ದು 1961ರ ನವೆಂಬರ್‌ನಲ್ಲಿ. ಕಾರ್ಟರ್ ಮತ್ತು ಫಿಲ್ ವುಡ್ಸ್ ಆಲ್ಟೋ ನುಡಿಸಿದರೆ, ಹಾಕಿನ್ಸ್ ಮತ್ತು ಚಾರ್ಲಿ ರೌಸ್ ಟೆನರ್ ನುಡಿಸುತ್ತಾರೆ. ಜೊತೆಗೆ ಪಿಯಾನೊ, ಗಿಟಾರ್, ಬಾಸ್, ಹಾಗೂ ಡ್ರಮ್ಸ್‌ನಲ್ಲಿ ಜೋ ಜೋನ್ಸ್. 1937ರಲ್ಲಿ ಪ್ಯಾರಿಸ್‌ನಲ್ಲಿ ಕಾರ್ಟರ್ ಮತ್ತು ಹಾಕಿನ್ಸ್ ಇಬ್ಬರು ಫ್ರೆಂಚ್ ವಾದಕರೊಡನೆ ಮಾಡಿದ್ದ ಮುದ್ರಣದಲ್ಲೂ ಇದೇ ನಾಲ್ಕು ಸ್ಯಾಕ್ಸೊಫೋನ್‌ಗಳ ಏರ್ಪಾಡಿತ್ತು. ಕಾರ್ಟರ್ ಬರೆದಿರುವ ಭಾಗಗಳಲ್ಲಿ ಮೇಲಿನ ವಾದ್ಯ ರಾಗದ ಎಳೆಯನ್ನು ಹಿಡಿದಿರುತ್ತದೆ, ಉಳಿದ ಮೂರು ಅದೇ ಲಯದಲ್ಲಿ, ಹತ್ತಿರದ ಬೇರೆ ಬೇರೆ ಸ್ವರಗಳಲ್ಲಿ ಅದರ ಕೆಳಗೆ ಸಾಗುತ್ತವೆ. ಒಂದೇ ಎಳೆಯ ಸಂಗೀತಕ್ಕೆ ಒಗ್ಗಿದ ನಮ್ಮ ಕಿವಿಗೆ ಇದು ಮೊದಲು ಒಂದು ದಪ್ಪನೆಯ ನಾದದಂತಷ್ಟೇ ಕೇಳಿಸುತ್ತದೆ. ಮೇಲಿನ ಸ್ವರವನ್ನು ಬಿಟ್ಟು ಕೆಳಗಿನ ಟೆನರ್ ಒಂದನ್ನೇ ಹಿಂಬಾಲಿಸುವ ಅಭ್ಯಾಸ ಮಾಡಿಕೊಂಡ ಮೇಲೆ, ಆ ಕೆಳಗಿನ ಸಾಲೂ ಬಿಡಿಯಾಗಿ ಹಾಡಿಕೊಳ್ಳಬಹುದಾದಷ್ಟು ಸೊಗಸಾಗಿದೆಯೆಂದು ನನಗೆ ತಿಳಿಯಿತು. ‘ಬಾಡಿ ಅಂಡ್ ಸೋಲ್’ನಲ್ಲಂತೂ ಹಾಕಿನ್ಸ್ 1939ರಲ್ಲಿ ಮನೋಧರ್ಮದಿಂದ ನುಡಿಸಿ ಪ್ರಸಿದ್ಧವಾಗಿದ್ದ ವಾದನವನ್ನೇ ಕಾರ್ಟರ್ ನಾಲ್ಕು ವಾದ್ಯಗಳಿಗೆ ಹಂಚಿ ಬರೆದಿದ್ದಾರೆ. ಗೆಳೆಯನೊಬ್ಬನಿಗೆ ಇದಕ್ಕಿಂತ ದೊಡ್ಡ ಗೌರವವನ್ನು ಇನ್ನೊಬ್ಬ ಸಂಗೀತಗಾರ ಸಲ್ಲಿಸುವುದು ಕಷ್ಟ.

ಈ ಕೈಚಳಕದ ಹಿಂದೆ ಮೂರು ದಶಕಗಳ ದುಡಿಮೆಯಿದೆ. 1907ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಕಾರ್ಟರ್ ಬಹುಮಟ್ಟಿಗೆ ತಾವೇ ಕಲಿತವರು. 1932ರ ಹೊತ್ತಿಗೆ ಸ್ವಂತ ತಂಡ ಕಟ್ಟಿದರು, 1935ರಲ್ಲಿ ಯೂರೋಪಿಗೆ ಹೋಗಿ ಲಂಡನ್‌ನಲ್ಲಿ ಬಿಬಿಸಿಯ ನೃತ್ಯವಾದ್ಯವೃಂದಕ್ಕೆ ಸಂಗೀತ ಬರೆದರು, ಮರಳಿ ಬಂದು ಹಾರ್ಲೆಮ್‌ನ ಸೆವಾಯ್ ನೃತ್ಯಮಂದಿರದಲ್ಲಿ ತಂಡ ನಡೆಸಿದರು. ಮುಂದೆ ಜಾಝ್ ಟ್ರಂಪೆಟ್ ವಾದನದಲ್ಲಿ ಹೆಸರಾದ ಮೈಲ್ಸ್ ಡೇವಿಸ್ ಕೂಡ ತರುಣರಾಗಿದ್ದಾಗ ಅವರ ತಂಡದಲ್ಲಿ ನುಡಿಸಿದ್ದರು. ನನ್ನ ಗೌರವವನ್ನು ಇನ್ನಷ್ಟು ಹೆಚ್ಚಿಸಿದ್ದು ಬೇರೊಂದು ಸಂಗತಿ: ಲಾಸ್ ಏಂಜಲಿಸ್‌ನಲ್ಲಿ ಬಿಳಿಯರಿಗೊಂದು, ಕಪ್ಪು ಜನರಿಗೊಂದು ಎಂದು ಬೇರೆಯಾಗಿದ್ದ ಸಂಗೀತಗಾರರ ಸಂಘಗಳು 1953ರಲ್ಲಿ ಒಂದಾಗಲು ಶ್ರಮಿಸಿದವರಲ್ಲಿ ಅವರೂ ಪ್ರಮುಖರು. 2003ರಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಕೊರತೆಯೆಂದರೆ, ಎಂಟೇ ರಚನೆಗಳು, ಅರ್ಧ ಗಂಟೆಗೆ ಸ್ವಲ್ಪ ಹೆಚ್ಚು ಕಾಲ ಮಾತ್ರ. ನಾಯಕರ ಆಲ್ಟೋ ಇನ್ನಷ್ಟು ಸಿಗಬೇಕಿತ್ತೆಂಬ ಆಸೆ ಇಂದಿಗೂ ಉಳಿದಿದೆ. ಹೊಸದಾಗಿ ಕೊಳ್ಳುವವರು ಕಾರ್ಟರ್ ಅವರೇ ರಚಿಸಿದ ‘ಬ್ಲೂ ಸ್ಟಾರ್’ನಿಂದ ಆರಂಭಿಸಬೇಕೆಂದು ನನ್ನ ಕೋರಿಕೆ. ವಿಳಂಬ ಗತಿಯ ಆ ರಚನೆಯಲ್ಲಿ ನಾಲ್ಕು ವಾದ್ಯಗಳೂ ಒಂದೇ ಉಸಿರಿನಲ್ಲಿ ಇಳಿಯುವ ಜಾಗಕ್ಕಾಗಿ ನಾನು ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ಕುಳಿತುಕೊಳ್ಳುತ್ತೇನೆ.