ಎಂಜಲು ಕೊಟ್ಟು ತಂದ ಊಟದ ಪಟ್ಟಿ: ಒಂದು ಡಿಎನ್‌ಎ ಕಿಟ್‌ನ ವಿಮರ್ಶೆ

ಬೆಲೆ ಆರು ಸಾವಿರ ಚಿಲ್ಲರೆ. ಎರಡು ತಗೊಂಡರೆ ಒಂದಕ್ಕೆ ಅರ್ಧ ದುಡ್ಡು ಅಂತ ಆಫರ್ ಇತ್ತು. ಹಾಗಾಗಿ ಒಂದು ನನಗೆ, ಇನ್ನೊಂದು ತೋಟದ ಮನೆಯಲ್ಲಿರುವ ಅಣ್ಣನಿಗೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥ ಕಿಟ್ ಮಾರುವವರು ಈಗ ಬೇಕಾದಷ್ಟು ಜನ ಇದ್ದಾರೆ, ಎಲ್ಲರೂ ಹೇಳುವುದು ಒಂದೇ: ನಿಮ್ಮ ಜೀನಿಗೆ ತಕ್ಕ ಊಟ.

ನಾನು ಶಿರಸಿಯಲ್ಲಿ ವಿಮೆ ಏಜೆಂಟ್. ವಯಸ್ಸು ಐವತ್ತರ ಹತ್ತಿರ, ತೂಕ 84 ಕಿಲೋ. ನಮ್ಮ ಕಡೆಯ ಗಂಡಸರಿಗೆ ವೈದ್ಯರು ಹಾಕಿಕೊಟ್ಟ ಸೊಂಟದ ಗಡಿ 90 ಸೆಂಟಿಮೀಟರ್, ಅದನ್ನು ನಾನು ದಾಟಿ ಬಹಳ ಕಾಲವಾಯ್ತು. ಅಣ್ಣ ನನಗಿಂತ ದೊಡ್ಡವ, ಒಣಗಿದ ಸೋಗೆಯ ಹಾಗೆ ಇದ್ದಾನೆ. ಇಬ್ಬರೂ ಒಂದೇ ಆಯಿಯ ಕೈ ಅಡಿಗೆ ಉಂಡು ಬೆಳೆದವರು. ನನ್ನ ಹೊಟ್ಟೆ ಹುಟ್ಟಿನಿಂದ ಬಂದದ್ದೋ, ಬಾಯಿಚಪಲದಿಂದ ಬಂದದ್ದೋ ಅನ್ನುವುದೇ ನನಗಿದ್ದ ಕುತೂಹಲ.

ಡಬ್ಬಿ ಚೆನ್ನಾಗಿದೆ. ಒಂದು ಪ್ಲಾಸ್ಟಿಕ್ ನಳಿಗೆ, ಗೆರೆ ಮುಟ್ಟುವವರೆಗೆ ಎಂಜಲು ತುಂಬಬೇಕು. ಮುಚ್ಚಳ ತಿರುಗಿಸಿದರೆ ಅದರೊಳಗಿನ ದ್ರವ ಇಳಿದು ಬೆರೆಯುತ್ತದೆ, ಸೋರುವ ಭಯವಿಲ್ಲ. ಅರ್ಧ ಗಂಟೆ ಮೊದಲು ಏನೂ ತಿನ್ನುವ ಹಾಗಿಲ್ಲ, ಕುಡಿಯುವ ಹಾಗಿಲ್ಲ. ನನಗೆ ಸುಲಭ. ಅಣ್ಣನಿಗೆ ಅರ್ಧ ಗಂಟೆ ಎಲೆಯಡಿಕೆಯ ಕವಳ ಬಿಡಿಸುವುದೇ ಈ ಇಡೀ ಪರೀಕ್ಷೆಯ ಕಷ್ಟದ ಭಾಗ. ಕೊರಿಯರ್‌ನವರು ತೋಟದ ಮನೆಯವರೆಗೆ ಬರುವುದಿಲ್ಲ ಅಂದರು, ನಾನೇ ಬೈಕಿನಲ್ಲಿ ಪೇಟೆಗೆ ತಂದು ಕೊಟ್ಟೆ.

ವರದಿ ಮೇಲ್‌ನಲ್ಲಿ ಬಂತು. ನಲವತ್ತು ಪುಟ ದಾಟುತ್ತದೆ, ಪೂರ್ತಿ ಇಂಗ್ಲಿಷ್, ತುಂಬ ಕೆಂಪು-ಹಳದಿ-ಹಸಿರು. ಕನ್ನಡದಲ್ಲಿ ಸಿಗುತ್ತದಾ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಮುಖ್ಯವಾದದ್ದು ಎಫ್‌ಟಿಒ ಅನ್ನುವ ಜೀನು. ಅದರಲ್ಲಿ ತೂಕ ಏರಿಸುವ ಬಗೆಯ ಪ್ರತಿ ನನಗೆ ಎರಡೂ ಇವೆ: ಅಪ್ಪಯ್ಯನಿಂದ ಒಂದು, ಆಯಿಯಿಂದ ಒಂದು. ವರದಿಯಲ್ಲಿ ಇದಕ್ಕೆ ಕೆಂಪು ಬಣ್ಣ, ಪಕ್ಕದಲ್ಲಿ ಅಪಾಯದ ತ್ರಿಕೋನ. ಆದರೆ ಎಷ್ಟು ಅಪಾಯ ಅಂತ ಬರೆದಿಲ್ಲ. 2007ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಸುಮಾರು 39 ಸಾವಿರ ಜನರನ್ನು ನೋಡಿ ಈ ಸಂಬಂಧ ಗುರುತಿಸಿದಾಗ ಕಂಡ ವ್ಯತ್ಯಾಸ ಇಷ್ಟು: ಎರಡು ಪ್ರತಿ ಇದ್ದವರು ಒಂದೂ ಇಲ್ಲದವರಿಗಿಂತ ಸರಾಸರಿ 3 ಕಿಲೋ ಹೆಚ್ಚು ತೂಗುತ್ತಿದ್ದರು. ಅವರೆಲ್ಲ ಯುರೋಪಿನ ಮೂಲದವರು, ಮೇಲಾಗಿ ಸರಾಸರಿ ಅಂದರೆ ಸರಾಸರಿ. ಆದರೂ ಏಜೆಂಟನ ಲೆಕ್ಕಕ್ಕೆ ಹಿಡಿದರೆ, ನನ್ನ ಬೊಜ್ಜಿನಲ್ಲಿ 3 ಕಿಲೋವನ್ನು ಹಿರಿಯರ ಖಾತೆಗೆ ಬರೆಯಬಹುದು. ಉಳಿದದ್ದು ಯಾರ ಖಾತೆಗೆ?

ಅಣ್ಣನ ವರದಿ ತೆಗೆದು ನೋಡಿದರೆ ಅವನಿಗೂ ಅವೇ ಎರಡು ಪ್ರತಿ! ಅದೇ ಕೆಂಪು, ಅದೇ ತ್ರಿಕೋನ. ಅವ ಸೊಪ್ಪಿನ ಬೆಟ್ಟ ಹತ್ತಿ ಇಳಿದು, ಹೊರೆ ಹೊತ್ತು ದಿನ ಕಳೆಯುವವ. ಎರಡು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಮಾಡಿ 2011ರಲ್ಲಿ ಬಂದ ಅಧ್ಯಯನದ ಪ್ರಕಾರ, ಮೈಗೆ ಕೆಲಸ ಕೊಡುವವರಲ್ಲಿ ಈ ಜೀನು ಬೊಜ್ಜು ತರುವ ಪ್ರಭಾವ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಕುಗ್ಗುತ್ತದೆ. ಇದನ್ನೆಲ್ಲ ಅಣ್ಣನಿಗೆ ವಿವರಿಸಿದೆ. ‘ಅಪ್ಪಯ್ಯನ ಹೊಟ್ಟೆ ನಿಂಗೆ ಬಂಜು ಹೇಳಿ ತಿಳ್ಕಂಬಲೆ ಇಷ್ಟ್ ದುಡ್ಡು ಬೇಕಾಗಿತ್ತನೋ ತಮಾ?’ ಅಂದ.

ಹಾಗಂತ ಜೀನಿನ ಮಾತು ಸುಳ್ಳಲ್ಲ. ಅವಳಿಗಳನ್ನು ಹೋಲಿಸಿ ಮಾಡಿದ ಅಧ್ಯಯನಗಳಲ್ಲಿ ತೂಕದ ವ್ಯತ್ಯಾಸದ ದೊಡ್ಡ ಪಾಲು ಅನುವಂಶೀಯ ಅಂತಲೇ ಬಂದಿದೆ. ಎಫ್‌ಟಿಒ ಕೂಡ ಹೆಚ್ಚಾಗಿ ಕೆಲಸ ಮಾಡುವುದು ಹಸಿವಿನ ಮೇಲೆ, ‘ಸಾಕು’ ಅನ್ನಿಸುವುದು ತಡವಾಗುತ್ತದೆ. ಎಂಸಿ೪ಆರ್ ಅನ್ನುವ ಜೀನು ಕೆಟ್ಟ ಮಕ್ಕಳು ಹಸುಗೂಸಾಗಿದ್ದಾಗಿನಿಂದಲೇ ತೀರದ ಹಸಿವಿನಿಂದ ಒದ್ದಾಡುತ್ತಾರೆ. ಅವರಿಗೆ ‘ಬಾಯಿ ಕಟ್ಟು’ ಅನ್ನುವುದು ಕ್ರೌರ್ಯ. ಅಂಥ ಮಗು ಮನೆಯಲ್ಲಿದ್ದರೆ ಈ ಕಿಟ್ ತರಿಸಬೇಡಿ, ವೈದ್ಯರ ಹತ್ತಿರ ಹೋಗಿ.

ಕೆಫೀನ್ ಪುಟ ನನಗೆ ಸರಿಹೊಂದಿತು. ನನ್ನ ಪಿತ್ತಜನಕಾಂಗ (ಲಿವರ್) ಅದನ್ನು ನಿಧಾನವಾಗಿ ಕರಗಿಸುವ ಬಗೆಯದಂತೆ, ಸಂಜೆ ಚಾ ಕುಡಿದ ರಾತ್ರಿ ನಿದ್ದೆ ಬಾರದ್ದು ನಿಜ. ಕಹಿಯ ಪುಟ ಮಾತ್ರ ನಗೆಪಾಟಲು. ಟಿಎಎಸ್‌೨ಆರ್೩೮ ಜೀನಿನ ಪ್ರಕಾರ ನನಗೆ ಕಹಿ ಜಾಸ್ತಿ ಗೊತ್ತಾಗುತ್ತದೆ, ಆದ್ದರಿಂದ ಹಾಗಲಕಾಯಿ ಸೇರುವುದಿಲ್ಲ ಅಂತ ಬರೆದಿದ್ದಾರೆ. ಜೋನಿಬೆಲ್ಲ ಹಾಕಿದ ಹಾಗಲಕಾಯಿ ಗೊಜ್ಜು ಇದ್ದ ದಿನ ನಾನು ಅನ್ನ ಎರಡು ಸಲ ಕಲಸುವವ. ಆ ಜೀನು ಹಿಡಿಯುವುದು ಎಲೆಕೋಸು, ಮೂಲಂಗಿ, ಸಾಸಿವೆ ಕುಲದ ಕಹಿಯನ್ನು. ಕಹಿ ಹಿಡಿಯಲು ಮನುಷ್ಯನಲ್ಲಿ ಸುಮಾರು 25 ಜೀನುಗಳಿವೆ, ಇವರು ಒಂದನ್ನು ನೋಡಿ ಹಾಗಲಕಾಯಿಯ ಜಾತಕ ಬರೆದರು.

ಊಟದ ಪಟ್ಟಿಯಲ್ಲಿ ಓಟ್ಸ್, ಕಿನೋವಾ, ಆವಕಾಡೊ, ಪನೀರ್. ತಂಬುಳಿ ಇಲ್ಲ, ಗಂಜಿ ಇಲ್ಲ, ಅಪ್ಪೆಹುಳಿ ಕೇಳಲೇಬೇಡಿ. ನನ್ನ ಜೀನಿಗೆ ಕೊಬ್ಬು ಕಡಿಮೆಯ ಊಟ ಒಗ್ಗುತ್ತದಂತೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡನರ್ ತಂಡ 609 ಜನರಿಗೆ 12 ತಿಂಗಳು ಕೊಬ್ಬು ಕಡಿಮೆ ಅಥವಾ ಪಿಷ್ಟ ಕಡಿಮೆ ಊಟ ಕೊಡಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಎರಡೂ ಗುಂಪಿನವರು ಸರಾಸರಿ ಐದಾರು ಕಿಲೋ ಇಳಿದರು. ಜೀನಿಗೆ ಹೊಂದಿದ ಊಟ ಸಿಕ್ಕವರಿಗೂ ಹೊಂದದ್ದು ಸಿಕ್ಕವರಿಗೂ ಫರಕು ಕಾಣಲಿಲ್ಲ. ಕಂಪನಿ ಮಾರುತ್ತಿರುವ ಮಾತೇ ಅಲ್ಲಿಗೆ ಬಿತ್ತು.

ಕಿಟ್ ಜೊತೆ ಫೋನಿನಲ್ಲಿ ಡಯಟಿಷಿಯನ್ ಸಲಹೆ ಒಂದು ಸಲ ಉಚಿತ. ಆ ಹುಡುಗಿ ಒಳ್ಳೆಯವಳು, ತಾಳ್ಮೆಯಿಂದ ಮಾತಾಡಿದಳು. ಸಿಹಿ ಬಿಡುವುದು ನಿಮ್ಮ ಆಯ್ಕೆ ಸರ್, ಮನಸ್ಸು ಮಾಡಬೇಕು ಅಂದಳು. ನಾನೇನು ಕೆಲಸ ಮಾಡುತ್ತೇನೆ ಅಂತ ಮಾತ್ರ ಕೇಳಲಿಲ್ಲ. ನನ್ನ ಕೆಲಸ ಅಂದರೆ ಸಿದ್ದಾಪುರ, ಯಲ್ಲಾಪುರ ಕಡೆಯ ಮನೆ ಮನೆ ಅಲೆಯುವುದು. ಜಗಲಿ ಹತ್ತಿದ ಕೂಡಲೇ ‘ಆಸರಿಗೆ ಎಂತ ಅಡ್ಡಿಲ್ಲೆ?’ ಅನ್ನುತ್ತಾರೆ. ಚಾ, ಇಲ್ಲದಿದ್ದರೆ ಬೆಲ್ಲದ ಕಷಾಯ, ಜೊತೆಗೆ ಹಲಸಿನ ಹಪ್ಪಳ, ಆಲೆಮನೆ ಕಾಲವಾದರೆ ಕಬ್ಬಿನಹಾಲು, ತೊಡೆದೇವು. ಬೇಡ ಅಂದರೆ ಮನೆಯವರಿಗೆ ಬೇಸರ. ಬೇಸರವಾದ ಮನೆಯಲ್ಲಿ ಪಾಲಿಸಿಯ ಮಾತು ಎತ್ತುವುದು ಹೇಗೆ? ವಿಶೇಷದ ಮನೆಯ ಪಂಕ್ತಿಯಲ್ಲಿ ಕುಳಿತರಂತೂ ಎಷ್ಟು ತಿನ್ನಬೇಕು ಅನ್ನುವುದು ಬಡಿಸುವವನ ಕೈಯಲ್ಲಿದೆ. ಇದನ್ನು ನನ್ನ ಜೀನು ಅನ್ನಲೋ, ಆಯ್ಕೆ ಅನ್ನಲೋ? ಎರಡಕ್ಕೂ ನಡುವೆ ಒಂದು ಜಗಲಿ ಇದೆ, ನಲವತ್ತು ಪುಟದ ವರದಿಯಲ್ಲಿ ಅದಕ್ಕೆ ಜಾಗವಿಲ್ಲ.

ಸಣ್ಣಕ್ಷರ ಓದುವುದು ನನ್ನ ಕಸುಬು, ಓದಿದೆ. ನಿಮ್ಮ ಮಾಹಿತಿಯನ್ನು ಸಂಶೋಧನೆಗೆ, ಪಾಲುದಾರ ಕಂಪನಿಗಳಿಗೆ ಕೊಡಬಹುದು ಅನ್ನುವ ಕಡೆ ಅವರೇ ಟಿಕ್ ಹಾಕಿಟ್ಟಿದ್ದರು. ತೆಗೆಯಿರಿ. ಆ ಎಂಜಲು ನಿಮ್ಮೊಬ್ಬರದ್ದಲ್ಲ, ಮಕ್ಕಳದ್ದೂ ಅದರಲ್ಲಿದೆ.

ಐದಕ್ಕೆ ಎರಡು ಸ್ಟಾರ್. ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ, ಹೊಲಿಗೆಯವನ ಟೇಪಿನಲ್ಲಿ ಸೊಂಟ ಅಳೆದರೆ ಇದಕ್ಕಿಂತ ತೀರ ಕಡಿಮೆ ದುಡ್ಡಿಗೆ ಹೆಚ್ಚು ತಿಳಿಯುತ್ತದೆ. ಒಂದು ಸ್ಟಾರ್ ಕೆಫೀನ್ ಪುಟಕ್ಕೆ. ಇನ್ನೊಂದು, ಕಂಪನಿಯವರು ಕನಸಲ್ಲೂ ಎಣಿಸದ ಉಪಯೋಗಕ್ಕೆ: ‘ಸಕ್ಕರೆ ಬೇಡ’ ಅಂದರೆ ಕೇಳದ ಮನೆಗಳಲ್ಲಿ ‘ಡಿಎನ್‌ಎ ರಿಪೋರ್ಟಿನಲ್ಲಿ ಆಗದು ಅಂತ ಬಂದಿದೆ’ ಅಂದರೆ ಕೇಳುತ್ತಾರೆ. ಮೊಬೈಲಿನಲ್ಲಿ ಆ ಕೆಂಪು ತ್ರಿಕೋನ ತೋರಿಸಿದರೆ ಲೋಟ ಹಿಂದಕ್ಕೆ ಹೋಗುತ್ತದೆ. ಎಲ್ಲ ಕಡೆ ನಡೆಯುವುದಿಲ್ಲ. ಸಿದ್ದಾಪುರದ ಬದಿಯ ಒಬ್ಬ ಅತ್ತೆ ಫೋಟೊವನ್ನು ಹತ್ತಿರ ಹಿಡಿದು ನೋಡಿ, ‘ಸಕ್ರೆ ಅಲ್ದಾ ಆಗದ್ದು, ಬೆಲ್ಲ ಅಡ್ಡಿಲ್ಲೆ’ ಅಂತ ಒಳಗೆ ಹೋದರು.